ಗುಂಯ್‌ಗುಡುವ ಆಂಪ್ಲಿಫೈಯರ್: ಬೋರ್ಡು ಬದಲಿಸುವ ಮುನ್ನ

ಅಂಗೈಯಗಲದ ಒಂದು ಬೋರ್ಡು, ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರು, ಒಂದು ಬ್ಲೂಟೂತ್ ಮಾಡ್ಯೂಲು, ಒಂದು ಜೊತೆ ಸ್ಪೀಕರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಷ್ಟನ್ನು ಕೊಂಡು ತಂದರೆ ಮನೆಗೆ ಸಾಕಾಗಿ ಮಿಗುವಷ್ಟು ಸದ್ದು ಮಾಡುವ ಡಿಜಿಟಲ್ ಆಂಪ್ಲಿಫೈಯರ್ ಸಿದ್ಧ. ಆದರೆ ಜೋಡಿಸಿ ಸ್ವಿಚ್ ಹಾಕಿದಾಗ ಎಷ್ಟೋ ಸಲ ಹಾಡಿಗಿಂತ ಮೊದಲು ಬೇರೆಯದೇ ಕೇಳಿಸುತ್ತದೆ: ಗುಂಯ್ ಎನ್ನುವ ಹಮ್, ಸುಯ್ ಎನ್ನುವ ಹಿಸ್, ಬ್ಲೂಟೂತ್ ಕೂಡಿಕೊಂಡೊಡನೆ ಶುರುವಾಗುವ ಟಿಕ್‌ಟಿಕ್. ‘ಬೋರ್ಡೇ ಸರಿಯಿಲ್ಲ’ ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಹೊಸ ಬೋರ್ಡು ಬರುತ್ತದೆ, ಗುಂಯ್ ಮಾತ್ರ ಇದ್ದಲ್ಲೇ ಇರುತ್ತದೆ. ಇರಲೇಬೇಕು, ಏಕೆಂದರೆ ಬಹುಪಾಲು ಇಂಥ ಸದ್ದು ಬೋರ್ಡಿನಲ್ಲಿ ಹುಟ್ಟಿದ್ದಲ್ಲ; ವೈರಿನ ಹಾದಿ ಹಿಡಿದು ಹೊರಗಿನಿಂದ ಒಳಬಂದದ್ದು. ಬಂದ ಹಾದಿಯನ್ನು ಹುಡುಕದೆ ಒಂದೊಂದೇ ಭಾಗ ಬದಲಿಸುತ್ತ ಹೋದರೆ ಖಾಲಿಯಾಗುವುದು ಜೇಬು.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಹಗುರದ್ದಲ್ಲ. ಕ್ಲಾಸ್ ಡಿ ಜಾತಿಯ ಈ ಆಂಪ್ಲಿಫೈಯರು ಕೆಲಸ ಮಾಡುವುದೇ ಟ್ರಾನ್ಸಿಸ್ಟರುಗಳನ್ನು ಬಿಡುವಿಲ್ಲದೆ ಆನ್-ಆಫ್ ಮಾಡಿ. ಅಂದಮೇಲೆ ಸದ್ದಿನ ಕಾರ್ಖಾನೆ ಅದರೊಳಗೇ ಇಲ್ಲವೇ? ಇದೆ, ಆದರೆ ಅದು ಕಿವಿಗೆ ಎಟುಕುವ ಸದ್ದಲ್ಲ. ಅಗ್ಗದ ಬೋರ್ಡುಗಳಲ್ಲಿ ತುಂಬ ಬಳಕೆಯಲ್ಲಿರುವ ಟಿಪಿಎ3116 ಎಂಬ ಚಿಪ್ಪನ್ನೇ ನೋಡಿ: ಅದು ಸೆಕೆಂಡಿಗೆ ಸುಮಾರು 4 ಲಕ್ಷ ಸಲ ಆನ್-ಆಫ್ ಆಗುತ್ತದೆ, ಬೇಕೆಂದರೆ 12 ಲಕ್ಷ ಸಲದವರೆಗೂ ಹೋಗುತ್ತದೆ. ಮನುಷ್ಯನ ಕಿವಿ ನಿಲ್ಲುವುದು 20 ಸಾವಿರಕ್ಕೆ. 4 ಲಕ್ಷ ಬಾವಲಿಗೂ ಕೇಳಿಸದು. ಸಾಲದ್ದಕ್ಕೆ, ಚಿಪ್ಪು ಮತ್ತು ಸ್ಪೀಕರಿನ ನಡುವೆ ಒಂದು ಕಾಯಿಲೂ ಒಂದು ಕೆಪಾಸಿಟರೂ ಕಾವಲು ಕೂತಿರುತ್ತವೆ. 10 ಮೈಕ್ರೋಹೆನ್ರಿಯ ಕಾಯಿಲು, 0.68 ಮೈಕ್ರೋಫ್ಯಾರಡ್ ಕೆಪಾಸಿಟರು ಸೇರಿದರೆ ಸುಮಾರು 61 ಕಿಲೋಹರ್ಟ್ಸ್‌ನಿಂದ ಮೇಲಿನದೆಲ್ಲ ತಗ್ಗುತ್ತ ಹೋಗುತ್ತದೆ. ಹಾಗಿರುವಾಗ ಸ್ಪೀಕರಿನಲ್ಲಿ ಕೇಳಿಸುವ ಗುಂಯ್‌ನ ಮೂಲ 50 ಹರ್ಟ್ಸ್ ಆಗಿದ್ದರೆ, ಅದು ಚಿಪ್ಪಿನದಲ್ಲ, ಗೋಡೆಯ ಪ್ಲಗ್ಗಿನದು. ನಮ್ಮ ಮನೆಗಳ 230 ವೋಲ್ಟ್ ವಿದ್ಯುತ್ತು ಬಡಿಯುವುದು ಅದೇ ಲೆಕ್ಕದಲ್ಲಿ.

ಹಾದಿ ಹುಡುಕುವ ಕ್ರಮವೆಂದರೆ ಒಂದೊಂದನ್ನೇ ಬಿಡಿಸುತ್ತ ಕಿವಿಗೊಡುವುದು. ಸ್ವಿಚ್ ಆರಿಸಿ, ಬೋರ್ಡಿನ ಇನ್‌ಪುಟ್‌ನಿಂದ ಆಡಿಯೋ ವೈರನ್ನು ಕಳಚಿ, ಇನ್‌ಪುಟ್ ಪಿನ್ನನ್ನು ಅದರ ಪಕ್ಕದ ಗ್ರೌಂಡಿಗೆ ತುಂಡು ತಂತಿಯಿಂದ ಶಾರ್ಟ್ ಮಾಡಿ, ಮತ್ತೆ ಹಚ್ಚಬೇಕು. ಗುಂಯ್ ನಿಂತಿತೆಂದರೆ ಬೋರ್ಡು ನಿರಪರಾಧಿ. ಕಳ್ಳ ಇರುವುದು ವೈರಿನಾಚೆ. (ಸ್ಪೀಕರಿನ ಕಡೆ ಮಾತ್ರ ಹೀಗೆ ಶಾರ್ಟ್ ಮಾಡಲು ಹೋಗಬಾರದು. ಈ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ಗ್ರೌಂಡಲ್ಲ.) ನಿಲ್ಲದಿದ್ದರೆ ಅಡಾಪ್ಟರನ್ನು ತೆಗೆದು 12 ವೋಲ್ಟಿನ ಬ್ಯಾಟರಿಗೆ ಫ್ಯೂಸ್ ಹಾಕಿ ಕೊಟ್ಟು ನೋಡಬೇಕು. ಆಗ ನಿಂತರೆ ತಪ್ಪು ಅಡಾಪ್ಟರಿನದು. ಬ್ಲೂಟೂತಿನ ಟಿಕ್‌ಟಿಕ್‌ಗೆ ಪರೀಕ್ಷೆ ಇನ್ನೂ ಸುಲಭ. ಮಾಡ್ಯೂಲಿಗೆ ಅದೇ ಅಡಾಪ್ಟರಿನ ಬದಲು ಪವರ್ ಬ್ಯಾಂಕಿನಿಂದ 5 ವೋಲ್ಟ್ ಕೊಟ್ಟರೆ ಸದ್ದು ಮಾಯವಾಗುವುದುಂಟು. ಬ್ಲೂಟೂತು ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ತುಣುಕು ತುಣುಕಾಗಿ ಎಳೆಯುತ್ತದೆ. ಆ ಕರೆಂಟು ಹಿಂತಿರುಗಲು ಪವರಿನ ಮೈನಸ್ ತಂತಿಯೂ ಇದೆ, ಆಡಿಯೋ ವೈರಿನ ಶೀಲ್ಡೂ ಇದೆ. ಎರಡರಲ್ಲೂ ಹಂಚಿಕೊಂಡು ಹರಿಯುತ್ತದೆ; ಶೀಲ್ಡಿನಲ್ಲಿ ಹರಿದ ಪಾಲು ಸಂಗೀತದ ಜೊತೆ ಸೇರಿಕೊಳ್ಳುತ್ತದೆ. ಎರಡೂ ಕಡೆಯ ಗ್ರೌಂಡನ್ನು ಬೇರ್ಪಡಿಸುವ ಬಿ0505ಎಸ್‌ನಂಥ ಪುಟ್ಟ ಐಸೊಲೇಟೆಡ್ ಕನ್ವರ್ಟರನ್ನು ಮಾಡ್ಯೂಲಿನ ಪವರಿಗೆ ಹಾಕಿದರೆ ಪವರ್ ಬ್ಯಾಂಕೂ ಬೇಡ.

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಜೋಡಿಸಿದಾಗ ಬರುವ ಹಮ್ ಕೂಡ ಇದೇ ಕುಲದ್ದು. ಕಂಪ್ಯೂಟರಿಗೊಂದು ಅರ್ಥಿಂಗು, ಮೂರು ಪಿನ್ನಿನ ಅಡಾಪ್ಟರಿಗೊಂದು ಅರ್ಥಿಂಗು, ನಡುವೆ ಆಡಿಯೋ ವೈರಿನ ಶೀಲ್ಡು: ಸುತ್ತು ಪೂರ್ತಿಯಾಯಿತು. ಈ ಸುತ್ತಿನಲ್ಲಿ 10 ಮಿಲಿಆಂಪಿಯರ್ ಕರೆಂಟು ಹರಿಯಿತೆನ್ನಿ, ಶೀಲ್ಡಿನ ತಡೆ ಓಮ್‌ನ ಹತ್ತರಲ್ಲೊಂದು ಪಾಲು ಎನ್ನಿ. ಹುಟ್ಟುವುದು ಬರೀ 1 ಮಿಲಿವೋಲ್ಟ್. ಆದರೆ ಬೋರ್ಡಿನ ಗೇನ್ 32 ಡೆಸಿಬೆಲ್ ಆಗಿದ್ದರೆ ಅದು ಸುಮಾರು 40 ಪಟ್ಟಾಗಿ ಸ್ಪೀಕರಿಗೆ ತಲುಪುತ್ತದೆ. 50 ಹರ್ಟ್ಸ್‌ಗೆ ಕಿವಿ ಅಷ್ಟು ಚುರುಕಲ್ಲ ನಿಜ, ಆದರೆ ಅದರ ಬೆನ್ನಿಗೆ ಬರುವ 100, 150, 250 ಹರ್ಟ್ಸ್‌ಗಳು ರಾತ್ರಿಯ ಕೋಣೆಯಲ್ಲಿ ಚೆನ್ನಾಗಿಯೇ ಕೇಳಿಸುತ್ತವೆ. ‘ಪವರಿಗೆ ದೊಡ್ಡ ಕೆಪಾಸಿಟರ್ ಹಾಕಿ’ ಎಂಬ ರೂಢಿಯ ಸಲಹೆ ಇಲ್ಲಿ ನಡೆಯದು. ಹಳೆಯ ಟ್ರಾನ್ಸ್‌ಫಾರ್ಮರ್-ಡಯೋಡು ಸಪ್ಲೈನ 100 ಹರ್ಟ್ಸ್ ಬುರ್ರೆನ್ನುವಿಕೆಗೆ ಅದು ಮದ್ದು ನಿಜ. ಈ ಸುತ್ತಿನ ಸದ್ದು ಪವರಿನ ದಾರಿಯಲ್ಲಿ ಬರುವುದೇ ಇಲ್ಲ.

ಇನ್ನು ಅರ್ಥ್ ಪಿನ್ ಕಿತ್ತುಹಾಕುವ ಉಪಾಯ. ಅದರಿಂದ ಗುಂಯ್ ನಿಲ್ಲುತ್ತದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸುತ್ತು ತುಂಡಾದ ಮೇಲೆ ನಿಲ್ಲದೆ ಏನು? ಆದರೆ ಆ ಪಿನ್ ಇರುವುದು ಸಂಗೀತಕ್ಕಲ್ಲ. ಒಳಗೆ ಇನ್ಸುಲೇಶನ್ ಹರಿದು 230 ವೋಲ್ಟು ಲೋಹದ ಪೆಟ್ಟಿಗೆಗೆ ತಾಗಿದ ದಿನ ಫ್ಯೂಸು ಹಾರಿಸುವುದು ಅದೇ. ಅದಿಲ್ಲದಿದ್ದರೆ ಆ ವೋಲ್ಟೇಜು ಆಡಿಯೋ ವೈರಿನ ಶೀಲ್ಡಿನಲ್ಲಿ, ವಾಲ್ಯೂಮಿನ ಗುಬುಟಿನಲ್ಲಿ ಕೈಗಾಗಿ ಕಾಯುತ್ತಿರುತ್ತದೆ. ಸುತ್ತನ್ನು ಮುರಿಯಬೇಕಾದ್ದು ಆಡಿಯೋ ವೈರಿನಲ್ಲಿ. 1:1 ಆಡಿಯೋ ಟ್ರಾನ್ಸ್‌ಫಾರ್ಮರು ಸಂಗೀತವನ್ನು ದಾಟಿಸಿ ಗ್ರೌಂಡನ್ನು ಬೇರೆ ಮಾಡುತ್ತದೆ. ಅಗ್ಗದ ಟ್ರಾನ್ಸ್‌ಫಾರ್ಮರು ತಗ್ಗಿನ ಸ್ವರಗಳನ್ನು ಸ್ವಲ್ಪ ನುಂಗಬಹುದು ಎಂಬ ದೂರು ಸರಿಯಾದದ್ದೇ. ಜೀವ ಒತ್ತೆಯಿಡುವುದಕ್ಕಿಂತ ಆ ನಷ್ಟ ವಾಸಿ.

ಹಿಸ್‌ನಲ್ಲಿ ಮಾತ್ರ ಬೋರ್ಡಿಗೂ ಪಾಲಿದೆ, ಆದರೆ ಅಲ್ಲೂ ಹೆಚ್ಚಿನ ತಪ್ಪು ಗೇನ್ ಇಟ್ಟವರದು. ಟಿಪಿಎ3116ರ ಗೇನನ್ನು 20, 26, 32 ಅಥವಾ 36 ಡೆಸಿಬೆಲ್‌ಗೆ ಇಡಬಹುದು. ಬೋರ್ಡಿನ ಮೇಲಿನ ಒಂದೆರಡು ರೆಸಿಸ್ಟರುಗಳು ಅದನ್ನು ನಿರ್ಧರಿಸುತ್ತವೆ. 36 ಎಂದರೆ 63 ಪಟ್ಟು, 20 ಎಂದರೆ 10 ಪಟ್ಟು. ಗೇನ್ ಇಳಿಸಿದರೆ ಸದ್ದು ಸಾಲದಲ್ಲ ಎಂಬ ಅನುಮಾನಕ್ಕೆ ಲೆಕ್ಕವೇ ಉತ್ತರ: ಮೂಲದಿಂದ 1 ವೋಲ್ಟ್ ಬಂದರೆ 10 ಪಟ್ಟಿಗೆ 10 ವೋಲ್ಟ್, 8 ಓಮ್ ಸ್ಪೀಕರಿನಲ್ಲಿ 12.5 ವ್ಯಾಟ್. ಸಾಮಾನ್ಯ ಕೋಣೆಗೆ ಧಾರಾಳ. ಫೋನಿನ ವಾಲ್ಯೂಮ್ ಏರಿಸಿ ಬೋರ್ಡಿನ ಗೇನ್ ಇಳಿಸುವುದು ಕಾಸಿಲ್ಲದ ಚಿಕಿತ್ಸೆ. ಇನ್‌ಪುಟ್ ಶಾರ್ಟ್ ಮಾಡಿ, ಬ್ಯಾಟರಿ ಕೊಟ್ಟು, ಗೇನ್ ಇಳಿಸಿದ ಮೇಲೂ ಸದ್ದು ಉಳಿದರೆ ಆಗ ಬೋರ್ಡನ್ನು ಅನುಮಾನಿಸಬಹುದು: ಉಬ್ಬಿದ ಕೆಪಾಸಿಟರು, ಬಿರುಕು ಬಿಟ್ಟ ಸೋಲ್ಡರು.

ಇಷ್ಟಕ್ಕೂ ಜಗ್ಗದ ಒಂದು ಸದ್ದಿದೆ: ಎರಡು ಬೋರ್ಡುಗಳನ್ನು, ಒಂದು ಸ್ಟೀರಿಯೋಗೆ, ಒಂದು ಸಬ್‌ವೂಫರಿಗೆ, ಒಂದೇ ಅಡಾಪ್ಟರಿಗೆ ಕಟ್ಟಿದಾಗ ಕೇಳಿಸುವ ಸಣ್ಣ ಸಿಳ್ಳೆ. ಬೇರೆ ಬೇರೆಯಾಗಿ ನಡೆಸಿದರೆ ಎರಡೂ ತೆಪ್ಪಗಿರುತ್ತವೆ. ಒಂದು 400 ಕಿಲೋಹರ್ಟ್ಸ್‌ನಲ್ಲೂ ಇನ್ನೊಂದು 403ರಲ್ಲೂ ಓಡುತ್ತಿದ್ದರೆ ಎರಡರ ವ್ಯತ್ಯಾಸವಾದ 3 ಕಿಲೋಹರ್ಟ್ಸ್ ಕಿವಿಗೆ ಸಿಕ್ಕಿಬಿಡುತ್ತದೆ. ಒಂದು ಚಿಪ್ಪಿನ ತಾಳಕ್ಕೆ ಇನ್ನೊಂದನ್ನು ಹೊಂದಿಸುವ ಸಿಂಕ್ ಪಿನ್ನು ಟಿಪಿಎ3116ರಲ್ಲೇ ಇದೆ. ಆ ಪಿನ್ನನ್ನು ಹೊರಗೆ ಕೊಡದ ಬೋರ್ಡಾದರೆ ಎರಡಕ್ಕೂ ಬೇರೆ ಬೇರೆ ಅಡಾಪ್ಟರ್ ಕೊಟ್ಟು ನೋಡಬೇಕು.