ಟ್ಯೂಬಿಂಗೆನ್ನಿನ ರವಿವಾರಗಳು

ಮರಾಠಿಯಲ್ಲಿ ‘ಪ್ರವಾಸ’ವೆಂದರೆ ಬರಿಯ ಪ್ರಯಾಣ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬಸ್ಸಿನಲ್ಲಿ ಹೋಗುವುದೂ ಪ್ರವಾಸವೇ. ಒಂದು ದಿನದ ವಿಹಾರಕ್ಕೆ ಅಲ್ಲಿ ‘ಸಹಲ್’ ಎಂಬ ಬೇರೆ ಮಾತಿದೆ. ಕನ್ನಡದಲ್ಲಿ ಪ್ರವಾಸವೆಂದರೆ ಊರು ನೋಡಲೆಂದೇ ಕೈಗೊಳ್ಳುವ ಸುತ್ತಾಟ. ಸಂಸ್ಕೃತದ ಮೂಲಾರ್ಥ ಇವೆರಡೂ ಅಲ್ಲ. ಮನೆಯನ್ನು ಬಿಟ್ಟು ಪರಸ್ಥಳದಲ್ಲಿ ವಾಸಿಸುವುದು. ಹೊರದೇಶಕ್ಕೆ ಓದಲು ಹೋದ ವಿದ್ಯಾರ್ಥಿಗೆ ಈ ಮೂರು ಅರ್ಥಗಳೂ ಏಕಕಾಲಕ್ಕೆ ಅನ್ವಯಿಸುತ್ತವೆ. ಒಂದರ ವೇಳೆಯನ್ನು ಇನ್ನೊಂದು ನುಂಗತೊಡಗಿದಾಗಲೇ ತೊಡಕು.

ಜರ್ಮನಿಯ ನೈಋತ್ಯ ಭಾಗದಲ್ಲಿ, ನೆಕ್ಕಾರ್ ನದಿಯ ದಂಡೆಯಲ್ಲಿರುವ ಟ್ಯೂಬಿಂಗೆನ್ ಪಟ್ಟಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು 1477ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲಿ. 1894ರ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿದ್ದೂ ಇದೇ ವಿದ್ಯಾಪೀಠ. 1903ರಲ್ಲಿ ಅವರು ಕೊನೆಯುಸಿರೆಳೆದದ್ದೂ ಇದೇ ಊರಿನಲ್ಲಿ. ಕನ್ನಡ ಐಚ್ಛಿಕ ವಿಷಯದ ವಿದ್ಯಾರ್ಥಿಗೆ ಇದು ಹಾಗಾಗಿ ಪೂರ್ಣ ಪರದೇಶವೇನಲ್ಲ.

ಅಲ್ಲಿಯ ಓದಿನ ಲೆಕ್ಕ ಮಾತ್ರ ನಮ್ಮ ಕಾಲೇಜುಗಳ ಲೆಕ್ಕಕ್ಕಿಂತ ಬೇರೆ. ಯುರೋಪಿನ ಕ್ರೆಡಿಟ್ ಪದ್ಧತಿಯಂತೆ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ. ಮೂವತ್ತೆಂದೇ ಹಿಡಿದರೆ ಆರು ತಿಂಗಳಿಗೆ 900 ಗಂಟೆ, ವಾರಕ್ಕೆ ಸುಮಾರು 35 ಗಂಟೆ. ಆದರೆ ಸಾಹಿತ್ಯ, ಭಾಷಾವಿಜ್ಞಾನದಂಥ ವಿಷಯಗಳಲ್ಲಿ ವೇಳಾಪತ್ರಿಕೆಯಲ್ಲಿ ಕಾಣುವ ತರಗತಿಗಳು ಇದರ ಅರ್ಧವೂ ಇರದಿರಬಹುದು. ಉಳಿದುದೆಲ್ಲ ಗ್ರಂಥಾಲಯದ ಓದು, ಟಿಪ್ಪಣಿ, ಪ್ರಬಂಧ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟೆ ಬಾರಿಸುವ ಕಾಲೇಜಿನಿಂದ ಹೋದವನಿಗೆ, ವೇಳಾಪತ್ರಿಕೆಯ ಖಾಲಿ ಮನೆಗಳು ರಜೆಯಂತೆ ಕಾಣುತ್ತವೆ. ಶುಕ್ರವಾರ ತರಗತಿಯೇ ಇಲ್ಲದಿದ್ದರೆ ವಾರಕ್ಕೆ ಮೂರು ದಿನ ಬಿಡುವೆಂದು ಅವನು ತಿಳಿಯುತ್ತಾನೆ. ಅದು ಬಿಡುವಲ್ಲ, ಯಾರೂ ಹಾಜರಿ ಕರೆಯದ ತರಗತಿ.

ಈ ತಿಳಿವಳಿಕೆ ತಪ್ಪಿದರೆ ಬೆಲೆ ಸಣ್ಣದಲ್ಲ. ಒಂದು ವಿಷಯದ ಅಂಕವೆಲ್ಲ ಸೆಮಿಸ್ಟರಿನ ಕೊನೆಯ ಒಂದು ಪರೀಕ್ಷೆಯ ಅಥವಾ ಒಂದು ದೀರ್ಘ ಪ್ರಬಂಧದ ಮೇಲೆ ನಿಂತಿರುವುದುಂಟು. ಮರುಪರೀಕ್ಷೆಗಳ ಸಂಖ್ಯೆಗೆ ಮಿತಿಯಿದೆ. ಕಡ್ಡಾಯ ಪರೀಕ್ಷೆಯೊಂದರಲ್ಲಿ ಕೊನೆಯ ಅವಕಾಶವೂ ಕೈತಪ್ಪಿದರೆ ಅದೇ ವಿಷಯವನ್ನು ಜರ್ಮನಿಯ ಬೇರೆ ವಿಶ್ವವಿದ್ಯಾನಿಲಯದಲ್ಲಿ ಓದುವ ದಾರಿಯೂ ಸಾಮಾನ್ಯವಾಗಿ ಮುಚ್ಚುತ್ತದೆ. ವಾಸದ ಪರವಾನಗಿ ಓದಿನ ಪ್ರಗತಿಯನ್ನೇ ಅವಲಂಬಿಸಿದೆ. ವೀಸಾಕ್ಕಾಗಿ ವರ್ಷಕ್ಕೆ 11,904 ಯೂರೋ ಖಾತೆಯಲ್ಲಿ ತೋರಿಸಬೇಕು; ತಿಂಗಳಿಗೆ ಅದರಿಂದ ತೆಗೆಯಲು ಸಿಗುವುದು 992 ಯೂರೋ. ಊರಿನಲ್ಲಿ ಸಾಲ ಮಾಡಿ ಈ ಹಣ ಹೊಂದಿಸಿದ ಮನೆಯವರಿಗೆ ಒಂದು ಸೆಮಿಸ್ಟರ್ ಹೆಚ್ಚಾಗುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಕೋಣೆಯಲ್ಲೇ ಕುಳಿತಿರಬೇಕೆಂದಲ್ಲ. ಭಾಷೆ ಕಿವಿಗೆ ಬೀಳುವುದು ರೈಲು ನಿಲ್ದಾಣದಲ್ಲಿ, ಸಂತೆಯಲ್ಲಿ, ದಾರಿ ಕೇಳುವಾಗ. ತಿರುಗಾಟಕ್ಕೆ ಅನುಕೂಲವೂ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾಗಿ 2025ರಲ್ಲಿ 58 ಯೂರೋಗೆ ಏರಿದ ‘ಡಾಯ್ಚ್‌ಲಾಂಡ್ ಟಿಕೆಟ್’ ಎಂಬ ಮಾಸಿಕ ಪಾಸಿನಿಂದ ದೇಶದ ಎಲ್ಲ ಪ್ರಾದೇಶಿಕ ರೈಲುಗಳಲ್ಲೂ ನಗರ ಸಾರಿಗೆಯಲ್ಲೂ ಸಂಚರಿಸಬಹುದು. ದೂರದ ವೇಗದ ರೈಲುಗಳಿಗೆ ಇದು ನಡೆಯುವುದಿಲ್ಲ. ಪಾಸು ಕೈಯಲ್ಲಿದ್ದಾಗ ಪ್ರತಿ ಪ್ರಯಾಣವೂ ಪುಕ್ಕಟೆ ಎನಿಸುವುದು ಸಹಜ. ದುಡ್ಡು ಉಳಿಯುತ್ತದೆ, ಗಂಟೆಗಳು ಉಳಿಯುವುದಿಲ್ಲ. ರೈಲಿನಲ್ಲಿ ಓದಿಕೊಳ್ಳುತ್ತೇನೆಂಬ ಮಾತನ್ನೂ ಪೂರ್ತಿ ನಂಬಲಾಗದು. ಹೋಗುವಾಗ ನಾಲ್ಕು ಪುಟ ಓದಿದವರು ಬರುವಾಗ ನಿದ್ದೆ ಮಾಡುತ್ತಾರೆ.

ಯಾವ ದಿನ ಹೊರಡಬೇಕೆಂಬುದನ್ನು ಜರ್ಮನಿಯ ಅಂಗಡಿಗಳೇ ನಿರ್ಧರಿಸುತ್ತವೆ. ರವಿವಾರ ಅಲ್ಲಿ ಕಿರಾಣಿ ಅಂಗಡಿಗಳು ಕಾನೂನಿನಂತೆ ಮುಚ್ಚಿರುತ್ತವೆ. ಹಿಟ್ಟು, ಅಕ್ಕಿ, ತರಕಾರಿ, ವಾರದ ಬಟ್ಟೆ ಒಗೆತ ಎಲ್ಲ ಶನಿವಾರವೇ ಮುಗಿಯಬೇಕು. ಮಿಕ್ಕ ಹೊತ್ತು ಓದಿಗೆ. ರವಿವಾರ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ತೆರೆದಿದ್ದು, ಸೋಮವಾರ ಮುಚ್ಚುತ್ತವೆ. ಬುತ್ತಿ ಕಟ್ಟಿಕೊಂಡು ಹೋಗುವ ನಮ್ಮ ಹಳೆಯ ರೂಢಿ ಅಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಋತುವನ್ನೂ ಗಮನಿಸಬೇಕು. ಚಳಿಗಾಲದ ಪಾಠಗಳು ಅಕ್ಟೋಬರ್ ಮಧ್ಯದಿಂದ ಫೆಬ್ರವರಿಯವರೆಗೆ, ಬೇಸಿಗೆಯವು ಏಪ್ರಿಲ್‌ನಿಂದ ಜುಲೈವರೆಗೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಜೂನಿನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು. ಹೀಗಾಗಿ ಅಕ್ಟೋಬರ್, ಏಪ್ರಿಲ್, ಮೇ ತಿಂಗಳ ರವಿವಾರಗಳು ತಿರುಗಾಟಕ್ಕೆ ಒಳ್ಳೆಯವು. ಜನವರಿಯಲ್ಲೂ ಜುಲೈಯಲ್ಲೂ ಪರೀಕ್ಷೆ ಬಾಗಿಲಲ್ಲಿರುತ್ತದೆ. ಎರಡು ವಾರಕ್ಕೊಂದು ಪಯಣವೆಂಬ ಕ್ರಮವನ್ನು ಆರಂಭದಲ್ಲೇ ಹಾಕಿಕೊಂಡವರಿಗೆ ಆಗ ಪಾಸನ್ನು ಕಪಾಟಿನಲ್ಲಿಡುವುದು ಅಷ್ಟು ಕಷ್ಟವಾಗದು.

ಇನ್ನು ಎಲ್ಲಿಗೆ? ಎಲ್ಲರೂ ಓಡುವ ದೂರದ ಕೋಟೆಗಳಿಗಿಂತ ಹತ್ತಿರದ ಊರುಗಳೇ ಕನ್ನಡದ ವಿದ್ಯಾರ್ಥಿಗೆ ಲೇಸು. ಸ್ಟುಟ್‌ಗಾರ್ಟ್ ಸುಮಾರು ಒಂದು ಗಂಟೆಯ ದಾರಿ. ಅದರ ಪಕ್ಕದಲ್ಲೇ ಎಸ್ಲಿಂಗೆನ್. ಮರದ ಚೌಕಟ್ಟಿನ ಹಳೆಯ ಮನೆಗಳ ಈ ಊರಿನಲ್ಲಿ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡರು. ಕಪ್ಪು ಅರಣ್ಯದ ಅಂಚಿನ ಕಾಲ್ವ್ ಪಟ್ಟಣ ಇನ್ನೂ ಸ್ವಾರಸ್ಯಕರ. ಮಲಯಾಳಂ ನಿಘಂಟಿನ ಕರ್ತೃ ಹರ್ಮನ್ ಗುಂಡರ್ಟ್ ಭಾರತದಿಂದ ಮರಳಿದ ಮೇಲೆ ನೆಲೆಸಿದ್ದು ಅಲ್ಲಿ. ಅವರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆಯ ಮಗ, 1946ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ, 1877ರಲ್ಲಿ ಹುಟ್ಟಿದ ಮನೆ ಕಾಲ್ವ್‌ನ ಮಾರುಕಟ್ಟೆ ಚೌಕದಲ್ಲಿದೆ. ಬೆಳಿಗ್ಗೆ ಹೊರಟು ಸಂಜೆ ಮರಳಿ ಸೋಮವಾರದ ಪಾಠಕ್ಕೆ ಸಿದ್ಧವಾಗಬಹುದಾದ ದೂರಗಳಿವು.

ಬಾಸೆಲ್ ಈ ಸಾಲಿಗೆ ಸೇರದು. 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿದ ಊರು ಅದೆಂದು ಮನಸ್ಸು ಸೆಳೆಯುವುದೇನೋ ನಿಜ. ಆದರೆ ಪ್ರಾದೇಶಿಕ ರೈಲುಗಳಲ್ಲಿ ಹೋಗಿಬರುವುದರಲ್ಲೇ ದಿನ ಕಳೆಯುತ್ತದೆ. ದಾಖಲಾಗಾರಗಳು ವಾರದ ಕೊನೆಯಲ್ಲಿ ಸಾಮಾನ್ಯವಾಗಿ ತೆರೆದಿರುವುದೂ ಇಲ್ಲ. ಅದನ್ನು ಪರೀಕ್ಷೆ ಮುಗಿದ ಮೇಲಿನ ಮಾರ್ಚ್ ತಿಂಗಳ ಬಿಡುವಿಗೆ ಇಟ್ಟುಕೊಂಡು, ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆದು ಹೋಗುವುದು ಸರಿ. ಸ್ವಿಟ್ಜರ್ಲೆಂಡ್ ಶೆಂಗೆನ್ ವಲಯದಲ್ಲಿರುವುದರಿಂದ ಬೇರೆ ವೀಸಾ ಬೇಡ. ಪಾಸ್‌ಪೋರ್ಟು ಮತ್ತು ವಾಸದ ಪರವಾನಗಿಯ ಕಾರ್ಡು ಜೊತೆಯಲ್ಲಿರಬೇಕು.