ಒಂದು ಸಾಲಿನ ಆದೇಶ, ಕಾಗದದ ಮೇಲೆ ಹನ್ನೆರಡು ಸುಡೊಕು

ಮನೆಯಲ್ಲಿ ಪೆನ್ಸಿಲ್ ಹಿಡಿದವರು ಇಬ್ಬರಿದ್ದರೆ ಪತ್ರಿಕೆಯಲ್ಲಿ ದಿನಕ್ಕೊಂದು ಬರುವ ಸುಡೊಕು ಸಾಲುವುದಿಲ್ಲ. 2004ರ ನವೆಂಬರಿನಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆ ಪ್ರಕಟಿಸತೊಡಗಿದ ಮೇಲೆ ಈ ಅಂಕಿಯಾಟದ ಹುಚ್ಚು ಜಗತ್ತಿಗೆಲ್ಲ ಹಬ್ಬಿತು. ಅದೇ ವರ್ಷ ಇಂಗ್ಲೆಂಡಿನ ಸೈಮನ್ ಟ್ಯಾಥಮ್ ಎಂಬ ತಂತ್ರಾಂಶಕಾರರು ಪುಟ್ಟ ಒಗಟುಗಳ ಮುಕ್ತ ಸಂಗ್ರಹವೊಂದನ್ನು ಕಟ್ಟತೊಡಗಿದರು. ದೂರದ ಗಣಕಕ್ಕೆ ಸಂಪರ್ಕ ಕಲ್ಪಿಸುವ 'ಪುಟ್ಟಿ' ತಂತ್ರಾಂಶವೂ ಇವರದೇ. ಸಂಗ್ರಹದಲ್ಲೀಗ 40 ಆಟಗಳಿವೆ. ಸುಡೊಕುವಿಗೆ ಅಲ್ಲಿರುವ ಹೆಸರು 'ಸೋಲೊ'.

ಮೌಸ್ ಒತ್ತಿ ಆಡುವವರಿಗೆ ಇದು ಸಾಧಾರಣ ಆಟವೆಂದೇ ತೋರುತ್ತದೆ. ಆದರೆ ಲಿನಕ್ಸ್‌ನ ಟರ್ಮಿನಲ್ ತೆರೆದು, ಆಟದ ಹೆಸರಿನ ಮುಂದೆ ಕೆಲವು ಪದಗಳನ್ನು ಸೇರಿಸಿದರೆ ಪರದೆಯ ಮೇಲೆ ಆಟ ತೆರೆದುಕೊಳ್ಳುವುದೇ ಇಲ್ಲ. ಬದಲಿಗೆ ಪ್ರಿಂಟರ್ ಕೆಲಸ ಆರಂಭಿಸುತ್ತದೆ! ಒಂದೇ ಗಣಕವಿರುವ ಶಾಲೆಯಲ್ಲಿ ನಲವತ್ತು ಮಕ್ಕಳು ಸರದಿ ಕಾಯಬೇಕಾದ ಸ್ಥಿತಿಯನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಆದೇಶ ಹೀಗಿದೆ. ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆಯಾದರೂ ಗಣಕದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಬೇಕು:

ಸೋಲೊ --ಜನರೇಟ್ 12 --ಪ್ರಿಂಟ್ 2ಎಕ್ಸ್3 --ವಿತ್-ಸಲ್ಯೂಷನ್ಸ್ 3ಎಕ್ಸ್3ಡಿಬಿ | ಎಲ್‌ಪಿಆರ್

'ಜನರೇಟ್ 12' ಎಂದರೆ ಹನ್ನೆರಡು ಹೊಸ ಒಗಟುಗಳನ್ನು ಸೃಷ್ಟಿಸು ಎಂದರ್ಥ. '2ಎಕ್ಸ್3' ಎಂಬುದು ಪುಟದಲ್ಲಿ ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು ಒಗಟುಗಳಿರಲಿ ಎಂಬ ಸೂಚನೆ. ಹನ್ನೆರಡಕ್ಕೆ ಎರಡು ಪುಟ ಸಾಕು. 'ವಿತ್-ಸಲ್ಯೂಷನ್ಸ್' ಸೇರಿಸಿದರೆ ಒಗಟುಗಳೆಲ್ಲ ಮುಗಿದ ಮೇಲೆ ಉತ್ತರಗಳ ಪುಟಗಳು ಬರುತ್ತವೆ. ಅವನ್ನು ಮೇಷ್ಟ್ರು ತಮ್ಮಲ್ಲೇ ಇಟ್ಟುಕೊಳ್ಳಬಹುದು. '3ಎಕ್ಸ್3' ನಮಗೆ ಪರಿಚಿತವಾದ ಒಂಬತ್ತು ಮನೆಗಳ ಚೌಕ. ಕೊನೆಯ ಎರಡು ಅಕ್ಷರಗಳು ಕಾಠಿಣ್ಯವನ್ನು ಹೇಳುತ್ತವೆ: 'ಡಿಟಿ' ಅತಿ ಸುಲಭ, 'ಡಿಬಿ' ಸಾಮಾನ್ಯ, 'ಡಿಐ' ಮಧ್ಯಮ, 'ಡಿಎ' ಕಠಿಣ. ಅದಕ್ಕೂ ಮೀರಿದ 'ಡಿಯು'ವಿನಲ್ಲಿ ತರ್ಕವೊಂದರಿಂದಲೇ ದಡ ಸೇರುವ ಭರವಸೆಯಿಲ್ಲ, ಊಹೆ ಮಾಡಿ ಹಿಂದಿರುಗಬೇಕಾದೀತು. ಮಕ್ಕಳಿಗೆ ಅದು ಬೇಡ. ಯಾವ ಮಟ್ಟದ್ದಾದರೂ ಒಗಟಿಗೆ ಒಂದೇ ಉತ್ತರವಿರುವಂತೆ ತಂತ್ರಾಂಶವೇ ನೋಡಿಕೊಳ್ಳುತ್ತದೆ. ಪ್ರಿಂಟರ್ ಇಲ್ಲದವರು 'ಎಲ್‌ಪಿಆರ್' ಬದಲು 'ಪಿಎಸ್2ಪಿಡಿಎಫ್' ಎಂಬ ಆದೇಶಕ್ಕೆ ಇದನ್ನು ಒಪ್ಪಿಸಿ ಪಿಡಿಎಫ್ ಕಡತ ಮಾಡಿಕೊಂಡು, ಹತ್ತಿರದ ಜೆರಾಕ್ಸ್ ಅಂಗಡಿಗೆ ಒಯ್ಯಬಹುದು.

ಎರಡು ಎಚ್ಚರಿಕೆಗಳು. ಡೆಬಿಯನ್, ಉಬುಂಟುಗಳಲ್ಲಿ ಈ ಆಟಗಳ ಹೆಸರಿನ ಹಿಂದೆ 'ಎಸ್‌ಜಿಟಿ' ಮತ್ತು ಒಂದು ಅಡ್ಡಗೆರೆ ಇರುತ್ತದೆ. ಇನ್ನು, ಕಾಯಿಗಳನ್ನು ಸರಿಸಿ ಆಡುವ 'ಫಿಫ್ಟೀನ್'ನಂಥ ಆಟಗಳನ್ನು ಮುದ್ರಿಸಲಾಗದು. ಕಾಗದದ ಮೇಲೆ ಕಾಯಿ ಸರಿಯುವುದಾದರೂ ಹೇಗೆ? ವಿಂಡೋಸ್ ಬಳಕೆದಾರರಿಗೆ ಈ ಆದೇಶಗಳು ದೊರೆಯವು, ಅವರು ಮೆನುವಿನಿಂದಲೇ ಮುದ್ರಿಸಬೇಕು.

ಪ್ರಿಂಟ್ ಬಿಟ್ಟು ಬರೀ 'ಜನರೇಟ್' ಬಳಸಿದರೆ ಪ್ರತಿ ಒಗಟಿಗೂ ಒಂದು ಸಾಲಿನ ಗುರುತು ದೊರೆಯುತ್ತದೆ. ಅದನ್ನು ಕಡತದಲ್ಲಿ ಉಳಿಸಿಕೊಂಡು, ಮುಂದೆ ಬೇಕಾದಾಗ 'ಪ್ರಿಂಟ್'ಗೆ ಉಣಿಸಿದರೆ ಅವೇ ಒಗಟುಗಳು ಮತ್ತೆ ಬರುತ್ತವೆ. ಬೇರೆ ಬೇರೆ ಊರಿನಲ್ಲಿರುವ ಅಣ್ಣ ತಂಗಿಯರು ಈ ಸಾಲನ್ನು ಹಂಚಿಕೊಂಡು ಒಂದೇ ಒಗಟಿನಲ್ಲಿ ಪಂದ್ಯ ಕಟ್ಟಬಹುದು. '3ಎಕ್ಸ್3' ಬರೆದು, ಹ್ಯಾಷ್ ಚಿಹ್ನೆಯ ಮುಂದೆ ಯಾವುದಾದರೂ ಸಂಖ್ಯೆ ಹಾಕುವ ಚಿಕ್ಕ ದಾರಿಯೂ ಇದೆ. ಆದರೆ ಇಬ್ಬರ ಗಣಕಗಳಲ್ಲಿ ತಂತ್ರಾಂಶದ ಆವೃತ್ತಿ ಬೇರೆಯಾಗಿದ್ದರೆ ಆ ಸಂಖ್ಯೆಯಿಂದ ಅದೇ ಒಗಟು ಬಂದೀತೆಂಬ ಖಾತ್ರಿಯಿಲ್ಲ. ಪಂದ್ಯಕ್ಕೆ ಪೂರ್ಣ ಗುರುತೇ ಲೇಸು.

ಚದುರಂಗದ 'ಎಕ್ಸ್‌ಬೋರ್ಡ್'ನಲ್ಲೂ ಇಂಥ ಸೌಲಭ್ಯಗಳಿವೆ. '-ಎನ್‌ಸಿಪಿ' ಎಂದರೆ ಎದುರಾಳಿ ಗಣಕ ಮರೆಯಾಗಿ ಮಣೆಯಷ್ಟೇ ಉಳಿಯುತ್ತದೆ. '-ಎಫ್‌ಸಿಪಿ' ಮತ್ತು '-ಎಸ್‌ಸಿಪಿ'ಗಳಿಂದ ಎರಡು ಚದುರಂಗ ತಂತ್ರಾಂಶಗಳನ್ನು ಎದುರುಬದುರು ಕೂರಿಸಿ, '-ಎಂಜಿ 10' ಎಂದು ಹೇಳಿದರೆ ಅವೇ ಹತ್ತು ಪಂದ್ಯ ಆಡಿಕೊಳ್ಳುತ್ತವೆ. ಉಳಿದ ಆಯ್ಕೆಗಳ ಉದ್ದನೆಯ ಪಟ್ಟಿ 'ಮ್ಯಾನ್ ಎಕ್ಸ್‌ಬೋರ್ಡ್' ಎಂದು ಬೆರಳಚ್ಚಿಸಿದರೆ ಕಾಣಸಿಗುತ್ತದೆ.