ಬೆಂಗಳೂರಿನ ಸಂಬಳ: ಮೂಟೆಗೆ ಬೇಳೆ ಎಷ್ಟು?

ಚೆರ್ರಿ ಕಾಫಿ ಮಾರುವಾಗ ನಮ್ಮ ಸದಸ್ಯ ಬಾಂಧವರು ಮೂಟೆಯ ತೂಕವೊಂದನ್ನೇ ನೋಡಿ ಒಪ್ಪುವುದಿಲ್ಲ. 50 ಕೆ.ಜಿ. ಮೂಟೆಯಲ್ಲಿ ಬೇಳೆ ಎಷ್ಟು ಕೆ.ಜಿ. ಬೀಳುತ್ತದೆ ಎಂದು ಕೇಳುತ್ತಾರೆ. ಇಪ್ಪತ್ತೈದಕ್ಕಿಂತ ಕೆಳಗಿಳಿದರೆ ಮುಖ ಸಪ್ಪಗಾಗುತ್ತದೆ. ಅಡಿಕೆಯವರೂ ಅಷ್ಟೆ, ಹಸಿ ಅಡಿಕೆಯ ರಾಶಿ ಕಂಡು ಮರುಳಾಗುವುದಿಲ್ಲ, ಸುಲಿದು ಒಣಗಿದ ಮೇಲೆ ಉಳಿಯುವುದನ್ನು ಲೆಕ್ಕ ಹಾಕಿಯೇ ಮಾತು ಮುಗಿಸುತ್ತಾರೆ. ಆದರೆ ಮಗನಿಗೋ ಮಗಳಿಗೋ ಬೆಂಗಳೂರಿನಲ್ಲಿ ‘ವರ್ಷಕ್ಕೆ ಮೂರು ಲಕ್ಷದ ಪ್ಯಾಕೇಜು’ ಸಿಕ್ಕಿತೆಂದು ಫೋನು ಬಂದಾಗ ಮಾತ್ರ ಈ ಔಟ್‌ಟರ್ನ್ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ. ಅಂತರಸಂತೆಯಿಂದ ಬೆಂಗಳೂರು 200 ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರ ಕಳುಹಿಸುವ ಮುಂಚೆ ಆ ಲೆಕ್ಕವನ್ನು ಒಮ್ಮೆ ಮಾಡಿನೋಡುವುದು ಲೇಸು.

ಮೂರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ರೂ. 25,000. ಈ ಮೊತ್ತವನ್ನು ಕಂಪೆನಿಯವರು ಸಿ.ಟಿ.ಸಿ. ಎನ್ನುತ್ತಾರೆ. ಅಂದರೆ ಆ ನೌಕರನಿಗಾಗಿ ಕಂಪೆನಿಗೆ ತಗಲುವ ಒಟ್ಟು ಖರ್ಚೇ ಹೊರತು ಕೈಗೆ ಬರುವ ಸಂಬಳವಲ್ಲ. ಮೂಲ ವೇತನ ಇದರ ಅರ್ಧ, ಅಂದರೆ ರೂ. 12,500 ಎಂದಿಟ್ಟುಕೊಳ್ಳೋಣ. ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಶೇಕಡಾ 12, ಅಂದರೆ ರೂ. 1,500 ಈ ಮೊತ್ತದ ಒಳಗೇ ಸೇರಿರುತ್ತದೆ. ಗ್ರಾಚ್ಯುಯಿಟಿ ಎಂದು ಸುಮಾರು ರೂ. 600 ತೆಗೆದಿಡುತ್ತಾರೆ. ನೌಕರನ ಪಾಲಿನ ಭವಿಷ್ಯನಿಧಿಗೆ ಮತ್ತೆ ರೂ. 1,500. ಉಳಿದದ್ದು ರೂ. 21,400.

ಇನ್ನು ಖರ್ಚು. ಕೆಳಗಿನವು ಉದಾಹರಣೆಯ ಅಂಕಿಗಳು. ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತವೆ, ಓದುಗರು ತಮ್ಮ ಮಕ್ಕಳ ಅಂಕಿಗಳನ್ನೇ ಹಾಕಿಕೊಳ್ಳಬಹುದು. ಇಬ್ಬರು ಹುಡುಗರು ಸೇರಿ ರೂ. 12,000 ಬಾಡಿಗೆಯ ಮನೆ ಹಿಡಿದರೆ ತಲೆಗೆ ರೂ. 6,000. ಊಟ, ಕಾಫಿ, ತಿಂಡಿಗೆ ರೂ. 5,500. ಬಸ್ಸು ಅಥವಾ ಪೆಟ್ರೋಲಿಗೆ ರೂ. 1,800. ಗ್ಯಾಸು, ಕರೆಂಟು, ನೀರು ಸೇರಿ ರೂ. 1,000. ಫೋನಿಗೆ ರೂ. 400. ತಿಂಗಳಿಗೊಮ್ಮೆ ಊರಿಗೆ ಬಂದುಹೋಗಲು ರೂ. 1,200.

ಇಲ್ಲಿ ಒಂದು ಬಾಬು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಬಹುಕಾಲದಿಂದ ಬಂದಿದೆ. ಮೇಲಿನ ಮನೆಗೆ ಅದು ರೂ. 1,20,000, ತಲೆಗೆ ರೂ. 60,000. ಈ ಹಣವನ್ನು ಊರಿನಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದಿದ್ದರೆ ತಿಂಗಳಿಗೆ ರೂ. 1,200 ಬಡ್ಡಿ. ಎಂದಮೇಲೆ ಆರು ಸಾವಿರದ ಬಾಡಿಗೆ ವಾಸ್ತವವಾಗಿ ಏಳು ಸಾವಿರದ ಇನ್ನೂರು ಆಯಿತು. ಕೈಯ ಹಣವೇ ಆದರೂ ಅದು ಗೊಬ್ಬರಕ್ಕೆ ಒದಗದೆ ಮನೆ ಮಾಲೀಕರಲ್ಲಿ ಬಡ್ಡಿಯಿಲ್ಲದೆ ಕುಳಿತಿರುತ್ತದೆ. ಮನೆ ಬಿಡುವಾಗ ಸುಣ್ಣಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದೂ ಉಂಟು.

ಒಟ್ಟು ಖರ್ಚು ರೂ. 17,100, ಉಳಿಕೆ ರೂ. 4,300. ಇಪ್ಪತ್ತೈದು ಸಾವಿರದ ಮೂಟೆಯನ್ನು 50 ಕೆ.ಜಿ. ಎಂದು ತಿಳಿದರೆ ಬೇಳೆ ಬಿದ್ದದ್ದು ಎಂಟೂವರೆ ಕೆ.ಜಿ. ಚಿಲ್ಲರೆ. ಬಟ್ಟೆಬರೆ, ಔಷಧಿ, ಸಿನಿಮಾ, ನೆಂಟರಿಷ್ಟರ ಮದುವೆ ಇದರಲ್ಲೇ ಆಗಬೇಕು. ‘ದುಡಿಯುತ್ತಾನೆ, ಮನೆಗೆ ಒಂದು ಕಾಸೂ ಕಳಿಸಲೊಲ್ಲ’ ಎಂದು ತಂದೆತಾಯಿಗಳು ನೊಂದುಕೊಳ್ಳುವ ಮುಂಚೆ ಈ ಅಂಕಿಯನ್ನು ನೋಡಬೇಕು. ಆ ಹುಡುಗ ದುಂದು ಮಾಡುತ್ತಿರಲೇಬೇಕೆಂದಿಲ್ಲ.

ಹಿಂದಿನವರು ಇದೇ ಬೆಂಗಳೂರಿಗೆ ಹೋಗಿ ಸೈಟು ಕೊಂಡರಲ್ಲ, ತಂಗಿಯರ ಮದುವೆ ಮಾಡಿದರಲ್ಲ ಎಂದು ಕೇಳುವವರಿದ್ದಾರೆ. ನಿಜವೇ. ಆದರೆ ಅವರು ಸೇರಿದ್ದು ಎಂಥ ಕೆಲಸಕ್ಕೆ ಎಂಬುದನ್ನು ನೋಡಬೇಕು. 1940ರ ಎಚ್.ಎ.ಎಲ್., 1948ರ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. — ಈ ಕಾರ್ಖಾನೆಗಳು ಸಂಬಳದ ಜೊತೆಗೆ ಕ್ವಾರ್ಟರ್ಸು, ಕಡಿಮೆ ದರದ ಕ್ಯಾಂಟೀನು, ಕಾರ್ಖಾನೆಯ ಬಸ್ಸು, ಆಸ್ಪತ್ರೆ, ಶಾಲೆಗಳನ್ನೂ ಕೊಟ್ಟವು. ದೂರವಾಣಿನಗರ, ಜಾಲಹಳ್ಳಿಗಳ ಕಾಲೋನಿಗಳು ಹಾಗೆ ಹುಟ್ಟಿದವು. ಅಂದಿನ ಸಂಬಳ ನೆರಳಿನ ಮರಗಳಡಿಯ ಕಾಫಿ ಗಿಡ, ಇಂದಿನದು ಬಯಲಿನಲ್ಲಿ ನಿಂತ ಗಿಡ. ಅಂದಿನವರಿಗೂ ಎಲ್ಲ ಸುಮ್ಮನೆ ಸಿಗಲಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಈ ಕಾರ್ಖಾನೆಗಳ ಕಾರ್ಮಿಕರು ವೇತನಕ್ಕಾಗಿ 77 ದಿನ ಮುಷ್ಕರ ಹೂಡಿದ್ದರು. 2016ರಲ್ಲಿ ಎಚ್.ಎಂ.ಟಿ. ವಾಚ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಉಳಿದ ಕಾರ್ಖಾನೆಗಳಲ್ಲಿಯೂ ನಿಗದಿತ ಅವಧಿಯ ನೇಮಕ, ಗುತ್ತಿಗೆಯ ಕೆಲಸ ಹೆಚ್ಚಿದೆ. ಈಚಿನ ಕಂಪೆನಿಗಳಲ್ಲಿ ಒಳ್ಳೆಯ ಸಂಬಳದ ಕೆಲಸ ಇಲ್ಲವೆಂದಲ್ಲ. ಆದರೆ ಅದಕ್ಕೆ ಇಡೀ ದೇಶದ ಎಂಜಿನಿಯರುಗಳು ಸಾಲು ನಿಂತಿದ್ದಾರೆ. ಪದವಿ ಮುಗಿಸಿ ಹೋದ ನಮ್ಮ ಹುಡುಗರಲ್ಲಿ ಹಲವರಿಗೆ ಸಿಗುವುದು ಏಜೆನ್ಸಿಯ ಮೂಲಕದ ಕೆಲಸ, ಇಲ್ಲವೆ ಮನೆಮನೆಗೆ ಊಟ, ಸಾಮಾನು ಮುಟ್ಟಿಸುವ ಕೆಲಸ. ಈ ಎರಡನೆಯದರಲ್ಲಿ ಬೈಕೂ ಅವರದೇ, ಪೆಟ್ರೋಲೂ ಅವರದೇ. ಇಂಥವರ ಕಲ್ಯಾಣನಿಧಿಗಾಗಿ ಕರ್ನಾಟಕ ಸರ್ಕಾರ 2025ರಲ್ಲಿ ಕಾಯಿದೆ ತಂದಿತು.

ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಾತು ಹಳೆಯದು. ಸರೋಜಿನಿ ಮಹಿಷಿಯವರ ವರದಿ ಬಂದದ್ದು 1986ರಲ್ಲಿ. 2024ರ ಜುಲೈನಲ್ಲಿ ಖಾಸಗಿ ಕೆಲಸಗಳಲ್ಲಿ ಮೀಸಲಾತಿಯ ಮಸೂದೆಗೆ ರಾಜ್ಯ ಸಂಪುಟ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಅದನ್ನು ನಂಬಿ ಯಾರೂ ಗಂಟುಮೂಟೆ ಕಟ್ಟಬೇಕಾಗಿಲ್ಲ.

ಖರ್ಚು ಏರಿದ್ದಕ್ಕೆ ಮೊದಲ ಕಾರಣ ಜನಸಂದಣಿ. 1971ರ ಜನಗಣತಿಯಲ್ಲಿ ಬೆಂಗಳೂರು 16 ಲಕ್ಷ ಮಿಕ್ಕಿದ ಊರು, 2011ರಲ್ಲಿ ಸುಮಾರು 85 ಲಕ್ಷ. ಕೇಳುವವರು ಐದು ಪಟ್ಟಾದರೆ ಬಾಡಿಗೆ ಏನಾದೀತು? ನೀರಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದ 1974ರಲ್ಲೇ ಬೆಂಗಳೂರಿಗೆ ಕಾವೇರಿಯ ಮೊದಲ ಹಂತದ ನೀರು ಹರಿಯಿತು. ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಿ, ಆ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಮೂರು ಕಡೆ ಪಂಪು ಮಾಡಿ ಏರಿಸಬೇಕು. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅದೇ ವರ್ಷದ ಮಾರ್ಚಿಯಲ್ಲಿ ನೀರಿನ ಅಭಾವ ಎಷ್ಟಾಯಿತೆಂದರೆ, ಜಿಲ್ಲಾಡಳಿತವೇ ಟ್ಯಾಂಕರಿನ ದರ ಗೊತ್ತುಮಾಡಬೇಕಾಯಿತು: 5 ಕಿ.ಮೀ. ಒಳಗೆ 12,000 ಲೀಟರಿಗೆ ರೂ. 1,000. ಹೊಲ ಮುಳುಗಿಸಿಕೊಂಡ ಊರಿನ ಮಕ್ಕಳು ಅಲ್ಲಿ ಅದೇ ಹೊಳೆಯ ನೀರನ್ನು ಕೊಂಡು ಕುಡಿಯುತ್ತಾರೆ. 2025ರ ಜನವರಿಯಲ್ಲಿ ಸಿಟಿ ಬಸ್ಸಿನ ದರ ಶೇಕಡಾ 15 ಏರಿತು, ಫೆಬ್ರವರಿಯಲ್ಲಿ ಮೆಟ್ರೋ ರೈಲಿನ ಗರಿಷ್ಠ ದರ ರೂ. 60ರಿಂದ 90ಕ್ಕೆ ಹೋಯಿತು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿದದ್ದು ದೊಡ್ಡ ಅನುಕೂಲ.

ಹೆಣ್ಣುಮಕ್ಕಳ ಮಾತು ಬಂದುದರಿಂದ ಭವಿಷ್ಯನಿಧಿಯ ಬಗ್ಗೆ ಒಂದು ಸಂಗತಿ. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ತಿಂಗಳ ಸಂಬಳದಲ್ಲಿ ಉಳಿಯುವುದು ಅತ್ಯಲ್ಪ, ಉಳಿತಾಯವೆಂದರೆ ಪಿ.ಎಫ್. ಒಂದೇ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಬಾರದೆಂದು ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ನಿಯಮ ಮಾಡಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆಗೂ ಇತರ ಕಡೆಗೂ ಇಳಿದರು. 19ರಂದೇ ನಿಯಮ ರದ್ದಾಯಿತು. ಓದಿದವರು ಸಂಬಳ ಎಣಿಸುವಾಗ ಮರೆಯುವ ಹಣದ ಬೆಲೆ ಇವರಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಮಕ್ಕಳು ಕೆಲಸ ಬದಲಾಯಿಸಿದಾಗಲೆಲ್ಲ ಹಳೆಯ ಯು.ಎ.ಎನ್. ಸಂಖ್ಯೆಯನ್ನೇ ಹೊಸ ಕಂಪೆನಿಗೆ ಕೊಡಲಿ. ಇಲ್ಲವಾದರೆ ಹಣ ಹಲವು ಖಾತೆಗಳಲ್ಲಿ ಚದುರಿ, ಪಡೆಯುವಾಗ ಅಲೆದಾಟವಾಗುತ್ತದೆ.

ಹೋಗಲೇಬೇಡಿ ಎಂದು ಈ ಬರಹದ ಅಭಿಪ್ರಾಯವಲ್ಲ. ಎರಡು ಎಕರೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ ಯಾರಿಗೂ ಸಾಲದು, ಆನೆಯ ಕಾಟ ಬೇರೆ. ಆದರೆ ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಕಡೆ ಹದಿನೆಂಟು ಸಾವಿರ ಸಿಕ್ಕುವ ಕೆಲಸ ಬೆಂಗಳೂರಿನ ಇಪ್ಪತ್ತೈದಕ್ಕಿಂತ ಕೀಳೆಂದು ಮೊದಲೇ ತೀರ್ಮಾನಿಸದೆ, ಎರಡಕ್ಕೂ ಮೇಲಿನಂತೆ ಲೆಕ್ಕ ಬರೆದು ನೋಡಿರಿ. ಕೆಲಸದ ಆದೇಶ ಕಾಗದದಲ್ಲಿದೆಯೇ, ಸಂಬಳ ಕೊಡುವವರು ಕಂಪೆನಿಯೋ ಏಜೆನ್ಸಿಯೋ, ಕೈಗೆ ಬರುವುದೆಷ್ಟು ಎಂದು ಮೊದಲೇ ಕೇಳಿರಿ.

ಕೆಲವರು ಬಾಡಿಗೆ ತಪ್ಪಿಸಲು ಲಕ್ಷಗಟ್ಟಲೆ ಕೊಟ್ಟು ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುತ್ತಾರೆ. ಹೊಲದ ಭೋಗ್ಯದಲ್ಲಿ ಹೊಲ ನಮ್ಮ ಕಣ್ಣೆದುರಿಗಿರುತ್ತದೆ, ಕೊಟ್ಟವನ ಮನೆತನವೂ ಗೊತ್ತಿರುತ್ತದೆ. ಅಲ್ಲಿ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದರೆ ಮನೆಯೂ ಇಲ್ಲ, ಹಣವೂ ಇಲ್ಲ. ಆದುದರಿಂದ ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ ನೋಡದೆ, ಕರಾರನ್ನು ನೋಂದಣಿ ಮಾಡಿಸದೆ ತೋಟದ ಹಣವನ್ನು ಯಾರ ಕೈಗೂ ಕೊಡಕೂಡದು.